ವಾಚ್ ಕೆಟ್ಟಿಲ್ಲ, ಅದನ್ನು ಇಡುವ ರೀತಿ ನೋಡಿ

ಪ್ರಶ್ನೆ: ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚ್ ಈಗ ನಾನು ಕಟ್ಟುತ್ತಿದ್ದೇನೆ. ಕೆಲಸದ ದಿನಗಳಲ್ಲಿ ಟೈಮ್ ಹೆಚ್ಚು ಕಡಿಮೆ ಸರಿ ಇರುತ್ತದೆ. ಭಾನುವಾರ ಕಟ್ಟದೆ ಟೇಬಲ್ ಮೇಲೆ ಬಿಟ್ಟರೆ ಸೋಮವಾರ ಬೆಳಿಗ್ಗೆ ಅರ್ಧ ನಿಮಿಷ ಮುಂದೆ ಹೋಗಿರುತ್ತದೆ. ರಿಪೇರಿಯವರು ‘ಏನೂ ದೋಷ ಇಲ್ಲ’ ಎನ್ನುತ್ತಾರೆ. ಹಾಗಾದರೆ ಯಾಕೆ ಹೀಗೆ?
– ಓದುಗರು, ಚಿಕ್ಕಮಗಳೂರು

ಉತ್ತರ: ರಿಪೇರಿಯವರು ಹೇಳಿದ್ದು ನಿಜ, ನೀವು ಗಮನಿಸಿದ್ದೂ ನಿಜ. ಕೀ ಕೊಡುವ ವಾಚ್ ಮಲಗಿದ್ದಾಗ ಒಂದು ಥರ ಓಡುತ್ತದೆ, ನೆಟ್ಟಗೆ ನಿಂತಿದ್ದಾಗ ಇನ್ನೊಂದು ಥರ.

ಒಳಗೆ ಬ್ಯಾಲೆನ್ಸ್ ವೀಲ್ ಅಂತ ಒಂದು ಚಕ್ರ ಇದೆ. ಹೇರ್‌ಸ್ಪ್ರಿಂಗ್ ಅನ್ನುವ ತೆಳು ಸುರುಳಿ ಸ್ಪ್ರಿಂಗ್ ಅದನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಿರುತ್ತದೆ. ಜನತಾದಲ್ಲಿ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ವಾಚನ್ನು ಡಯಲ್ ಮೇಲೆ ಮಾಡಿ ಮಲಗಿಸಿದಾಗ ಆ ಚಕ್ರದ ಅಚ್ಚಿನ ತುದಿ ಮಾತ್ರ ಆಧಾರದ ಪುಟ್ಟ ಕಲ್ಲಿನ (ಜ್ಯುವೆಲ್) ಮೇಲೆ ಕೂತಿರುತ್ತದೆ, ಬುಗುರಿ ಮೊಳೆಯ ಮೇಲೆ ತಿರುಗುವ ಹಾಗೆ. ಘರ್ಷಣೆ ತೀರಾ ಕಡಿಮೆ. ವಾಚನ್ನು ನೆಟ್ಟಗೆ ನಿಲ್ಲಿಸಿದರೆ ಅಚ್ಚು ಅಡ್ಡ ಆಗಿ, ಅದರ ಬದಿ ಪೂರ್ತಿ ಕಲ್ಲಿಗೆ ಉಜ್ಜುತ್ತದೆ. ಚೆನ್ನಾಗಿ ಸರ್ವಿಸ್ ಆದ ವಾಚ್ ಮಲಗಿದ್ದಾಗ ಚಕ್ರ ಒಂದೊಂದು ಕಡೆಗೆ 270ರಿಂದ 310 ಡಿಗ್ರಿ ತಿರುಗಿದರೆ, ನಿಂತಾಗ ಅದರಲ್ಲಿ 20–40 ಡಿಗ್ರಿ ಕಡಿಮೆಯಾಗುವುದು ಮಾಮೂಲಿ. ತಿರುಗುವ ಅಳತೆ ಬದಲಾದರೆ ವಾಚಿನ ವೇಗವೂ ಅಷ್ಟಿಷ್ಟು ಬದಲಾಗುತ್ತದೆ.

ಇನ್ನೊಂದು ಕಾರಣ ತೂಕದ್ದು. ಚಕ್ರದ ಒಂದು ಬದಿ ಎಷ್ಟೇ ಸ್ವಲ್ಪ ಭಾರ ಜಾಸ್ತಿ ಇದ್ದರೂ, ನಿಂತಾಗ ಭೂಮಿಯ ಸೆಳೆತ ಆ ಬದಿಯನ್ನು ಎಳೆಯುತ್ತದೆ. ಕೀ (ವಾಚಿನ ಬದಿಯ ತಿರುಪು) ಮೇಲಿದ್ದರೆ ಒಂದು ವೇಗ, ಕೆಳಗಿದ್ದರೆ ಇನ್ನೊಂದು. ಮಲಗಿದ್ದಾಗ ಈ ತೊಂದರೆ ಇಲ್ಲ. ಜೇಬಿನಲ್ಲಿ ಯಾವಾಗಲೂ ನಿಂತೇ ಇರುತ್ತಿದ್ದ ಗಡಿಯಾರಗಳಿಗೆ ಇದು ಎಷ್ಟು ದೊಡ್ಡ ತಲೆನೋವಾಗಿತ್ತು ಅಂದರೆ, ಬ್ರೆಗೆ ಅನ್ನುವ ಕುಶಲಕರ್ಮಿ ಆ ಚಕ್ರದ ಜೋಡಣೆಯನ್ನೇ ನಿಧಾನವಾಗಿ ಸುತ್ತಿಸುತ್ತಾ ಇರುವ ಟೂರ್ಬಿಯೋನ್ ಅನ್ನುವ ವ್ಯವಸ್ಥೆ ಮಾಡಿ 1801ರಲ್ಲಿ ಪೇಟೆಂಟ್ ಪಡೆದ. ನನಗೆ ಇವತ್ತಿಗೂ ಅದು ಬೆರಗು ಹುಟ್ಟಿಸುವ ಕೆಲಸ.

ಈಗ ನಿಮ್ಮ ವಿಷಯ. ಎಡಗೈಗೆ ಕಟ್ಟಿದ್ದೀರಿ ಅಂದುಕೊಳ್ಳಿ. ಕೈ ಇಳಿಬಿಟ್ಟು ನಡೆಯುವಾಗ ಕೀ ನೆಲದ ಕಡೆ ಇರುತ್ತದೆ. ಬಲಗೈಗೆ ಕಟ್ಟಿದವರಿಗೆ ಕೀ ಮೇಲೆ. ಸ್ಕೂಟರ್ ಹ್ಯಾಂಡಲ್ ಹಿಡಿದಾಗ ಡಯಲ್ ಹೆಚ್ಚು ಕಡಿಮೆ ಆಕಾಶ ನೋಡುತ್ತದೆ. ನಮ್ಮ ಕಡೆ ಎಷ್ಟೋ ಹೆಂಗಸರು ಡಯಲ್ ಕೈಯ ಒಳಬದಿಗೆ ಬರುವ ಹಾಗೆ ಕಟ್ಟುತ್ತಾರಲ್ಲ, ಅವರಿಗೆ ಅದೇ ಹ್ಯಾಂಡಲ್ ಮೇಲೆ ಡಯಲ್ ನೆಲ ನೋಡುತ್ತದೆ. ಹೀಗೆ ದಿನವಿಡೀ ಒಂದು ಸ್ಥಿತಿಯ ನಿಧಾನವನ್ನು ಇನ್ನೊಂದರ ವೇಗ ಸರಿದೂಗಿಸುತ್ತಾ ಹೋಗುತ್ತದೆ. ಭಾನುವಾರ ಟೇಬಲ್ ಮೇಲೆ ಬಿಟ್ಟಾಗ ಆ ಸರಿದೂಗುವಿಕೆ ಇಲ್ಲ, ಒಂದೇ ಸ್ಥಿತಿಯ ತಪ್ಪು ಇಡೀ ದಿನ ಕೂಡುತ್ತಾ ಹೋಗುತ್ತದೆ. ಅವತ್ತು ಕೀ ಕೊಡುವುದನ್ನೂ ಮರೆತಿದ್ದರೆ, ಕೀ ಕೊಟ್ಟಾಗ ಬಿಗಿಯಾಗುವ ಮುಖ್ಯ ಸ್ಪ್ರಿಂಗ್ ಸಡಿಲವಾಗಿ ಫರಕು ಇನ್ನೂ ಎದ್ದು ಕಾಣುತ್ತದೆ.

ಇದನ್ನೇ ನಿಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು. ಒಂದು ರಾತ್ರಿ ಡಯಲ್ ಮೇಲೆ, ಮರುರಾತ್ರಿ ಡಯಲ್ ಕೆಳಗೆ, ಆಮೇಲೆ ಕೀ ಮೇಲೆ, ಕೀ ಕೆಳಗೆ ಹೀಗೆ ಇಡಿ. ನಿಲ್ಲಿಸಲು ಎರಡು ಪುಸ್ತಕಗಳ ಆಸರೆ ಸಾಕು. ಮಲಗುವಾಗ ಮತ್ತು ಎದ್ದಾಗ ಮೊಬೈಲ್ ಟೈಮಿಗೂ ವಾಚಿಗೂ ಎಷ್ಟು ಸೆಕೆಂಡ್ ವ್ಯತ್ಯಾಸ ಅಂತ ಬರೆದಿಡಿ. ನಡುವೆ ಮುಳ್ಳು ತಿರುಗಿಸಬೇಡಿ, ಕೀ ಮಾತ್ರ ದಿನಾ ಒಂದೇ ಹೊತ್ತಿಗೆ ಕೊಡಿ. ಉದಾಹರಣೆಗೆ, ಹಗಲು ಕೈಯಲ್ಲಿದ್ದಾಗ ಆರು ಸೆಕೆಂಡ್ ಮುಂದೆ ಹೋಗುತ್ತದೆ, ರಾತ್ರಿ ಕೀ ಮೇಲೆ ಮಾಡಿ ಇಟ್ಟರೆ ಐದು ಸೆಕೆಂಡ್ ಹಿಂದೆ ಬರುತ್ತದೆ ಅಂತಾದರೆ ಕೆಲಸ ಆಯಿತು. ಯಾವ ಸ್ಥಿತಿಯಲ್ಲಿ ಮುಂದೆ, ಯಾವುದರಲ್ಲಿ ಹಿಂದೆ ಅನ್ನುವುದು ವಾಚಿನಿಂದ ವಾಚಿಗೆ ಬೇರೆ. ಬೇರೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಅರ್ಧ ನಿಮಿಷಕ್ಕೆ ಬೇಜಾರು ಬೇಡ. ದಿನಕ್ಕೆ 86,400 ಸೆಕೆಂಡ್. ಸ್ವಿಟ್ಜರ್ಲೆಂಡಿನಲ್ಲಿ ಕ್ರೊನೋಮೀಟರ್, ಅಂದರೆ ಕರಾರುವಾಕ್ಕು ಅಂತ ಪ್ರಮಾಣಪತ್ರ ಪಡೆದ ವಾಚ್, ಅನ್ನಿಸಿಕೊಳ್ಳಲು ವಾಚಿನ ಯಂತ್ರ 15 ದಿನ, ಐದು ಸ್ಥಿತಿಗಳಲ್ಲಿ, 8, 23, 38 ಡಿಗ್ರಿ ಉಷ್ಣತೆಯಲ್ಲಿ ಪರೀಕ್ಷೆ ಎದುರಿಸಬೇಕು. ಅದಕ್ಕೂ ದಿನದ ಸರಾಸರಿಯಲ್ಲಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಲು ಅವಕಾಶ ಇದೆ. ಜನತಾ ಸಾಮಾನ್ಯ ಜನರಿಗೆ ಅಂತಲೇ ಮಾಡಿದ ವಾಚ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯ ಮನೆತನದ್ದು. ಇಷ್ಟು ವರ್ಷ ಆದಮೇಲೂ ದಿನಕ್ಕೆ ಅರ್ಧ ನಿಮಿಷದ ಒಳಗೆ ಇದೆ ಅಂದರೆ ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಸ್ಥಿತಿ ಬದಲಾಯಿಸಿದಾಗ ದಿನದ ಲೆಕ್ಕದಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಫರಕು ಬಂದರೆ ಮಾತ್ರ ಸರ್ವಿಸ್‌ಗೆ ಕೊಡಿ, ಮತ್ತು ಮಲಗಿಸಿ ಮಾತ್ರ ಅಲ್ಲ, ನಿಲ್ಲಿಸಿಯೂ ಪರೀಕ್ಷಿಸಿ ಅಂತ ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಆಟೊಮ್ಯಾಟಿಕ್ ವಾಚ್ ದಿನಾ ಕಟ್ಟಿದರೂ ಬೆಳಗಿನ ಜಾವ ನಿಂತಿರುತ್ತದೆ.
– ಓದುಗರು, ಹಾಸನ

ಉತ್ತರ: ಕೈ ಆಡಿದರೆ ತಾನೇ ಒಳಗಿನ ತೂಕದ ತಟ್ಟೆ ತಿರುಗಿ ಸ್ಪ್ರಿಂಗ್ ಸುತ್ತುವುದು? ಕೀಬೋರ್ಡ್ ಮೇಲೆ ಬೆರಳಾಡಿದರೆ ಸಾಲದು. ಸಂಜೆ ಮಹಾರಾಜ ಪಾರ್ಕಿನಲ್ಲಿ ವಾಚ್ ಕಟ್ಟಿಕೊಂಡೇ ಒಂದಿಷ್ಟು ಹೊತ್ತು ಕೈ ಬೀಸಿ ನಡೆಯಿರಿ. ಕೈಯಲ್ಲೂ ಕೀ ಕೊಡಬಹುದಾದ ಮಾದರಿ ಆದರೆ ಬೆಳಿಗ್ಗೆ ಇಪ್ಪತ್ತು ಮೂವತ್ತು ಸುತ್ತು ಕೊಡಿ. ಆಮೇಲೂ ನಿಂತರೆ ಎಣ್ಣೆ ಒಣಗಿರಬಹುದು, ಬಿಚ್ಚಿಸಿ ನೋಡಿಸಿ.

ಪ್ರಶ್ನೆ: ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಹಿಡಿಯುತ್ತೇನೆ. ಈಚೆಗೆ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡುತ್ತಿದೆ. ಮೆಷಿನ್ ನಡುಕ ಕಾರಣವೇ?
– ಓದುಗರು, ಸಕಲೇಶಪುರ

ಉತ್ತರ: ನಡುಕ ಒಳ್ಳೆಯದಲ್ಲ, ಮೆಷಿನ್ ಹಿಡಿಯುವಾಗ ವಾಚ್ ಬಿಚ್ಚಿಡಿ. ಆದರೆ ಏಕಾಏಕಿ ನಿಮಿಷಗಟ್ಟಲೆ ಮುಂದೆ ಓಡಿದರೆ ನಾನು ಮೊದಲು ಅನುಮಾನಿಸುವುದು ಅಯಸ್ಕಾಂತವನ್ನು. ಅದರ ಪ್ರಭಾವಕ್ಕೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗಿ ಚಕ್ರ ಬೇಗ ಬೇಗ ಬಡಿಯುತ್ತದೆ. ರಾತ್ರಿ ಸ್ಪೀಕರ್ ಮೇಲೋ ಅಯಸ್ಕಾಂತ ಇರುವ ಮೊಬೈಲ್ ಕವರ್ ಮೇಲೋ ಇಡುತ್ತಿದ್ದೀರಾ ನೋಡಿ. ಒಂದು ದಿಕ್ಸೂಚಿಯ ಹತ್ತಿರ ವಾಚ್ ತನ್ನಿ, ದಿಕ್ಸೂಚಿಯ ಮುಳ್ಳು ಜೋರಾಗಿ ಅಲ್ಲಾಡಿದರೆ ಅನುಮಾನ ಬಲವಾಯಿತು. ವಾಚಿಗೆ ಹತ್ತಿದ ಅಯಸ್ಕಾಂತದ ಗುಣ ತೆಗೆಯುವ ಸಣ್ಣ ಯಂತ್ರ ವಾಚ್ ಅಂಗಡಿಯಲ್ಲಿ ಇರುತ್ತದೆ, ಒಂದೇ ನಿಮಿಷದ ಕೆಲಸ. ಅದಕ್ಕೂ ಮೊದಲು ಒಳಗೆ ವೇಗ ಹೆಚ್ಚು ಕಡಿಮೆ ಮಾಡುವ ಸ್ಲೋ–ಫಾಸ್ಟ್ ಕಡ್ಡಿ ಮುಟ್ಟಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ಕೀ ಬೆಳಿಗ್ಗೆ ಕೊಡಬೇಕೋ ರಾತ್ರಿಯೋ?
– ಓದುಗರು, ಮೂಡಿಗೆರೆ

ಉತ್ತರ: ಬೆಳಿಗ್ಗೆ. ಹಗಲೆಲ್ಲ ಕೈಯಲ್ಲಿ ಸ್ಥಿತಿ ಬದಲಾಗುತ್ತಾ ಕುಲುಕಾಡುವಾಗ ಸ್ಪ್ರಿಂಗ್ ಬಿಗಿಯಾಗಿರಲಿ. ಕಟ್ಟಿಕೊಂಡೇ ಕೊಡಬೇಡಿ, ಕೀ ವಾರೆಯಾಗಿ ಎಳೆದು ಅದರ ಕಡ್ಡಿ ಸವೆಯುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು, ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ.