ಮಲೆನಾಡಿನ ಒಂಟಿ ಮನೆ ಕಾವಲಿಗೆ ವುಲ್ಫ್‌ಡಾಗ್ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ತೀರ್ಥಹಳ್ಳಿ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ, ಒಂಟಿ ಮನೆ, ಹಂದಿ ಕಾಟ, ಕೊಯ್ಲಿನ ಸಮಯದಲ್ಲಿ ಕಳ್ಳರ ಭಯ. ಅದಕ್ಕೆ ವುಲ್ಫ್‌ಡಾಗ್, ಅಂದರೆ ತೋಳ ಮತ್ತು ನಾಯಿಯ ಮಿಶ್ರತಳಿಯ ಮರಿಯೊಂದಕ್ಕೆ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೀರಿ. ಸಾಕಬಹುದಾ, ಕಾನೂನಿನ ತೊಂದರೆ ಇದೆಯಾ, ಕಾವಲಿಗೆ ಆಗುತ್ತಾ ಎಂದು ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾವಲಿಗೆ ಆಗುವುದಿಲ್ಲ. ಉಳಿದ ಎರಡಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ನಾನು ಸಾಗರದ ಕಡೆಯವನು. ನಮ್ಮದೂ ಅಡಿಕೆಯೇ. ಹೊಸನಗರದ ಹತ್ತಿರ ಇರುವ ನಮ್ಮ ಭಾವ ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಇಂಥದ್ದೊಂದು ಮರಿ ತಂದರು. ಭೈರ ಅಂತ ಹೆಸರಿಟ್ಟರು. ಎಂಬತ್ತು ಸಾವಿರ ಕೊಟ್ಟಿದ್ದರು. ಅಕ್ಕನಿಗೆ ಹೇಳಿದ್ದು ಮೂವತ್ತು. ಅಕ್ಕನಿಗೆ ನಿಜ ಗೊತ್ತಾದ ಕಥೆ ಬೇರೆ, ಅದು ಇಲ್ಲಿ ಬೇಡ. ಅವರು ಮದುವೆ, ಆಸ್ಪತ್ರೆ ಅಂತ ಓಡಾಡುತ್ತಿದ್ದಾಗ ಒಂದು ಮಳೆಗಾಲದಲ್ಲಿ ಭೈರ ನಲವತ್ತು ದಿನ ನಮ್ಮ ಮನೆಯಲ್ಲಿದ್ದ. ಆಗ ಅವನಿಗೆ ಒಂದೂವರೆ ವರ್ಷ.

ಮೊದಲು, ಅದು ನಿಜಕ್ಕೂ ತೋಳದ ಮಿಶ್ರವೇ ಅನ್ನುವ ವಿಷಯ. ಭಾವನಿಗೆ ಕೊಟ್ಟ ಕಾಗದದಲ್ಲಿ "75 ಪರ್ಸೆಂಟ್ ತೋಳ" ಎಂದು ಕಂಪ್ಯೂಟರ್‌ನಲ್ಲಿ ಅಚ್ಚು ಹಾಕಿತ್ತು. ಶಿವಮೊಗ್ಗದ ಪಶುವೈದ್ಯರೊಬ್ಬರಿಗೆ ತೋರಿಸಿದಾಗ ಅವರು ನಕ್ಕರು. ನೋಡಿ ಹೇಳುವುದಕ್ಕೆ ಆಗಲ್ಲ, ಡಿಎನ್‌ಎ ಪರೀಕ್ಷೆಯೇ ಆಗಬೇಕು ಅಂದರು. ಹಸ್ಕಿ, ಮಲಮ್ಯೂಟ್, ಜರ್ಮನ್ ಶೆಪರ್ಡ್ ಬೆರೆಸಿದರೂ ಹೀಗೇ ಬೂದು ಮೈ, ಹಳದಿ ಕಣ್ಣಿನ ಮರಿ ಬರಬಹುದಂತೆ. ಇನ್ನು ಆ ಪರ್ಸೆಂಟ್ ಲೆಕ್ಕ. ತೋಳ ಮತ್ತು ನಾಯಿಯ ಮೊದಲ ಮರಿಗೆ ಅರ್ಧ ಅರ್ಧ, ಸರಿ. ಅದರ ಮುಂದಿನ ತಲೆಮಾರಿನಲ್ಲಿ ಒಂದೇ ಸೂಲಿನ ಐದು ಮರಿಗಳಿಗೂ ಐದು ಥರ ಹಂಚಿಕೆ ಆಗಿರುತ್ತದೆ. ಒಂದು ನಾಯಿಯ ಹಾಗೆ ಬೆಳೆಯುತ್ತದೆ, ಪಕ್ಕದ್ದು ತೋಳದ ಹಾಗೆ. ಕಾಗದ ಮಾತ್ರ ಎಲ್ಲದಕ್ಕೂ ಒಂದೇ.

2025ರಲ್ಲಿ ಬೆಂಗಳೂರಿನ ಒಬ್ಬರು 50 ಕೋಟಿ ಕೊಟ್ಟು ವುಲ್ಫ್‌ಡಾಗ್ ತಂದರು ಅಂತ ದೇಶವಿದೇಶದ ಪತ್ರಿಕೆಗಳಲ್ಲೆಲ್ಲಾ ಬಂತಲ್ಲ, ನೆನಪಿದೆಯಾ? ಆಮೇಲೆ ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಿಗಳು ಮನೆಗೆ ಹೋಗಿ ವಿಚಾರಿಸಿದಾಗ ಆ 50 ಕೋಟಿಯ ಕಥೆ ಸುಳ್ಳು ಅಂತ ಗೊತ್ತಾಯಿತು. ಆ ಸುದ್ದಿ ಬಂದಮೇಲೆ ಭಾವನಿಗೆ ಎಂಬತ್ತು ಸಾವಿರ ಅಗ್ಗ ಅನ್ನಿಸಿತ್ತು, ಪಾಪ.

ನಮ್ಮ ಕಡೆ ಇನ್ನೊಂದು ಮಾತಿದೆ. "ಇದು ಕಾಡುನಾಯಿ ಕ್ರಾಸ್" ಅಂತ ಊರಿಗೊಬ್ಬರಾದರೂ ಹೇಳುತ್ತಾರೆ. ನಂಬಬೇಡಿ. ಮಲೆನಾಡಿನ ಕಾಡಿನಲ್ಲಿ ಇರುವುದು ಸೀಳುನಾಯಿ, ತೋಳವಲ್ಲ. ಸೀಳುನಾಯಿಯ ಕುಲವೇ ಬೇರೆ. ಕೆಳದವಡೆಯ ಕೊನೆಯಲ್ಲಿ ನಾಯಿಗೆ ಪ್ರತಿ ಬದಿಗೆ ಮೂರು ಅರೆಯುವ ಹಲ್ಲು, ಸೀಳುನಾಯಿಗೆ ಎರಡೇ. ಒಂದನ್ನೊಂದು ಕರೆಯುವುದು ಸಿಳ್ಳೆ ಹೊಡೆದ ಹಾಗೆ. ತೋಳ ಬಯಲುಸೀಮೆಯ ಪ್ರಾಣಿ. ಕುರಿ ಮೇಯುವ ಕುರುಚಲು ಗುಡ್ಡ, ಹುಲ್ಲುಗಾವಲು ಅದರ ಜಾಗ. ಮೇಲುಕೋಟೆ ವನ್ಯಧಾಮ ಮಾಡಿದ್ದೇ ತೋಳಕ್ಕಾಗಿ. ಈಗ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲೂ ತೋಳಧಾಮ ಆಗಿದೆ. ಇಂಬಳ ಹತ್ತುವ ನಮ್ಮ ಕಾಡಿನಲ್ಲಿ ತೋಳಕ್ಕೆ ಏನು ಕೆಲಸ?

ಈಗ ಭೈರನ ವಿಷಯಕ್ಕೆ ಬರುತ್ತೇನೆ. ಚೆಂದ ಇದ್ದ, ಅದರಲ್ಲಿ ಎರಡು ಮಾತಿಲ್ಲ. ಉದ್ದ ಕಾಲು, ಕಿರಿದಾದ ಎದೆ. ಅಂಗಳದಲ್ಲಿ ನಡೆದರೆ ಒಣ ಎಲೆಯೂ ಸದ್ದು ಮಾಡುತ್ತಿರಲಿಲ್ಲ. ಅಕ್ಕನ ಕಾಲಿಗೆ ಮೈ ಒರಗಿಸಿ ನಿಲ್ಲುತ್ತಿದ್ದ. ಇಂಥದ್ದನ್ನು ಸಾಕಿದವರು "ಇದರಷ್ಟು ಹಚ್ಚಿಕೊಳ್ಳುವ ಪ್ರಾಣಿ ಇಲ್ಲ" ಅನ್ನುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಹಚ್ಚಿಕೊಂಡಿದ್ದು ಮನೆಯ ಮೂರು ಜನರನ್ನು. ನಾಲ್ಕನೆಯವರು ಬಂದರೆ ನಾಪತ್ತೆ.

ನಮ್ಮಲ್ಲಿ ಒಂದು ದಿನ ಗೊಬ್ಬರದ ಲಾರಿ ಬಂತು. ಆರು ಜನ ಇಳಿದರು. ನಮ್ಮ ಊರುನಾಯಿ ಕರಿಯ ಲಾರಿ ಇನ್ನೂ ದಣಪೆ ಹತ್ತಿರ ಇರುವಾಗಲೇ ಮನೆ ಹಾರಿಹೋಗುವ ಹಾಗೆ ಬೊಗಳಿದ. ಭೈರ ಎಲ್ಲಿ ಎಂದು ಹುಡುಕಿದರೆ ಸೌದೆ ಕೊಟ್ಟಿಗೆಯಲ್ಲಿ, ಒಟ್ಟಿದ ಸೌದೆಯ ಹಿಂದೆ. ಬಾಲ ಹೊಟ್ಟೆಗೆ ಅಂಟಿಸಿಕೊಂಡು, ಜೊಲ್ಲು ಸುರಿಸುತ್ತಾ, ಮೈ ನಡುಗಿಸುತ್ತಾ ಕೂತಿದ್ದ. ಲಾರಿ ಹೋಗಿ ಎರಡು ಗಂಟೆ ಆದಮೇಲೆ ಹೊರಗೆ ಬಂದ. ನಲವತ್ತು ದಿನದಲ್ಲಿ ಅವನು ಬೊಗಳಿದ್ದನ್ನು ಕೇಳಿದ್ದು ನೆನಪಿಲ್ಲ. ಊಳಿಡುತ್ತಿದ್ದ, ಅದೂ ರಾತ್ರಿ ಎರಡಕ್ಕೆ. ಅದಕ್ಕೆ ಸುತ್ತಲಿನ ನಾಲ್ಕು ಮನೆಯ ನಾಯಿಗಳು ಬೆಳಗಿನವರೆಗೂ ಉತ್ತರ ಕೊಡುತ್ತಿದ್ದವು. ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಕಳ್ಳ ಮೂಟೆ ಕಟ್ಟಿಕೊಂಡು ಹೋದರೂ ಭೈರ ಸೌದೆ ಹಿಂದಿನಿಂದ ನೋಡುತ್ತಿದ್ದ ಅಷ್ಟೇ.

ಇದು ಭೈರನೊಬ್ಬನ ದೋಷ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಇದು ಹಳೆಯ ಕಥೆ. ನೆದರ್‌ಲ್ಯಾಂಡ್ಸ್‌ನ ಲೀಂಡರ್ಟ್ ಸಾರ್ಲೋಸ್ ಎಂಬ ತಳಿಗಾರ 1930ರ ದಶಕದಲ್ಲಿ ಜರ್ಮನ್ ಶೆಪರ್ಡ್ ಗಂಡಿಗೆ ಹೆಣ್ಣು ತೋಳ ಕೂಡಿಸಿ, ಕೆಲಸದ ನಾಯಿಯನ್ನು ಇನ್ನೂ ಗಟ್ಟಿ ಮಾಡುತ್ತೇನೆ ಎಂದು ಹೊರಟ. ಹುಟ್ಟಿದ್ದು ಹೊಸಬರನ್ನು ಕಂಡರೆ ಓಡುವ ನಾಚಿಕೆ ಸ್ವಭಾವದ ನಾಯಿ. ಅವನ ಹೆಸರಿನಲ್ಲೇ ಆ ತಳಿಗೆ 1975ರಲ್ಲಿ ಮಾನ್ಯತೆ ಸಿಕ್ಕಿತು, ಅದು ಬೇರೆ ಮಾತು. 1955ರಲ್ಲಿ ಚೆಕೊಸ್ಲೊವಾಕಿಯಾದವರು ಗಡಿ ಕಾವಲಿಗೆ ಅಂತ ಕಾರ್ಪೇಥಿಯನ್ ತೋಳವನ್ನು ಇದೇ ಶೆಪರ್ಡ್ ಜೊತೆ ಕೂಡಿಸಿದರು. ಅದೂ ಇವತ್ತು ಮಾನ್ಯತೆ ಪಡೆದ ತಳಿ. ಆದರೆ ಅದು ತಲೆಮಾರುಗಟ್ಟಲೆ ಆರಿಸಿ ಆರಿಸಿ ನಾಯಿಯ ಕಡೆಗೆ ತಂದ ಪ್ರಾಣಿ. ನಿಮಗೆ ತೋರಿಸಿದ ಮರಿ ಹಾಗಲ್ಲ.

ಮತ್ತೆ ತೋಳಕ್ಕೆ ಹೆದರಿಕೆ ಇರುವುದು ತಪ್ಪಲ್ಲ. ಕಾಡಿನಲ್ಲಿ ಹೊಸದನ್ನು ಕಂಡು ಹೆದರದ ತೋಳ ಬದುಕುವುದಿಲ್ಲ. ಧೈರ್ಯವಾಗಿ ಅಪರಿಚಿತನ ಮೇಲೆ ಬೊಗಳುವುದು ನಾಯಿಗೆ ಬಂದ ಬುದ್ಧಿ, ಹಿಂದೆ ಮನುಷ್ಯ ಇದ್ದಾನೆ ಅನ್ನುವ ಧೈರ್ಯದಿಂದ ಬಂದದ್ದು.

ನನಗೆ ಇದು ಅರ್ಥವಾಗಿದ್ದು ಒಂದು ಮೂಳೆಯಿಂದ. ಹಿತ್ತಲಿನಲ್ಲಿ ಹಳೆಯ ಒರಳುಕಲ್ಲು ಇದೆ. ಅದರಡಿಗೆ ಕರಿಯನ ಮೂಳೆ ಉರುಳಿ ಹೋಯಿತು. ಕರಿಯ ಒಂದೆರಡು ಸಲ ಕಾಲು ಹಾಕಿ ಕೆದಕಿದ. ಆಗಲಿಲ್ಲ. ತಿರುಗಿ ನನ್ನ ಮುಖ ನೋಡಿದ. ಮತ್ತೆ ಕಲ್ಲು ನೋಡಿದ. ಮತ್ತೆ ನನ್ನ ಮುಖ. ಕುಂಯ್ ಅಂದ. ನಾನು ಎದ್ದು ಹೋಗಿ ಕಲ್ಲು ವಾಲಿಸಿದೆ. ಮರುದಿನ ಬೇಕೆಂದೇ ಭೈರನ ಮೂಳೆಯನ್ನು ಅಲ್ಲೇ ಹಾಕಿದೆ. ಅವನು ಮುಕ್ಕಾಲು ಗಂಟೆ ಕೆದಕಿದ. ಮಣ್ಣು ತೋಡಿದ, ಕಲ್ಲಿನ ಅಂಚು ಕಚ್ಚಿದ, ಒಸಡಿನಲ್ಲಿ ರಕ್ತ ಬಂತು. ನಾನು ಮೂರು ಅಡಿ ದೂರದಲ್ಲಿ ಕೂತಿದ್ದೆ. ಒಂದೇ ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ. ಕೊನೆಗೆ ಅಡಿಯಿಂದ ಗುಂಡಿ ತೋಡಿ ಮೂಳೆ ತೆಗೆದುಕೊಂಡೇ ಹೋದ.

ಬುಡಾಪೆಸ್ಟ್‌ನ ಸಂಶೋಧಕರು ಇದನ್ನೇ ಸರಿಯಾಗಿ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ. ಮನುಷ್ಯರೇ ಕೈಯಾರೆ ಬೆಳೆಸಿದ ತೋಳಗಳಿಗೂ ನಾಯಿಗಳಿಗೂ ಮಾಂಸ ತೆಗೆಯುವ ಕೆಲಸ ಕಲಿಸಿ, ಆಮೇಲೆ ಅದು ಆಗದ ಹಾಗೆ ಬಂದ್ ಮಾಡಿದರು. ನಾಯಿಗಳು ಬೇಗ ಕೈಬಿಟ್ಟು ಯಜಮಾನನ ಮುಖ ನೋಡಿದವು. ತೋಳಗಳು ತಾವೇ ಹೆಣಗಾಡಿದವು. ದಡ್ಡತನ ಅಲ್ಲ ಇದು. ಬುದ್ಧಿಯಲ್ಲಿ ಭೈರ ಕರಿಯನ ಅಪ್ಪ. ಅಕ್ಕ ಕೊಟ್ಟಿಗೆ ಚಿಲಕ ತೆಗೆಯುವುದನ್ನು ನಾಲ್ಕು ದಿನ ನೋಡಿ, ಐದನೇ ದಿನ ಮೂಗಿನಲ್ಲಿ ಎತ್ತಿ ತೆಗೆದ. ಬೆಳಿಗ್ಗೆ ಹನ್ನೊಂದು ಕೋಳಿ ಅಂಗಳದಲ್ಲಿ ಸಾಲಾಗಿ ಬಿದ್ದಿದ್ದವು. ಒಂದನ್ನೂ ತಿಂದಿರಲಿಲ್ಲ. ಇಂಥ ಪ್ರಾಣಿಗೆ "ಬೇಡ" ಅಂದರೆ ಏನು ಪ್ರಯೋಜನ? ನಿಮ್ಮ ಮಾತು ಕೇಳಬೇಕಾದರೆ ಮೊದಲು ನಿಮ್ಮ ಮುಖ ನೋಡಬೇಕು ಅಲ್ವಾ?

ಚಿಕ್ಕಂದಿನಿಂದ ಸಾಕಿದರೆ ಸರಿಹೋಗುತ್ತದೆ ಅಂತ ನೀವು ಬರೆದಿದ್ದೀರಿ. ಮಾರುವವರು 45 ದಿನಕ್ಕೆ ಮರಿ ಕೊಡುತ್ತಾರೆ. ನಾಯಿಮರಿ ನಾಲ್ಕು ವಾರದ ಹೊತ್ತಿಗೆ ಸುತ್ತಾಡಲು ಶುರು ಮಾಡುತ್ತದೆ. ಆಗ ಅದಕ್ಕೆ ಕಣ್ಣು, ಕಿವಿ, ಮೂಗು ಎಲ್ಲಾ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಮನುಷ್ಯ, ಬೈಕು, ಮಕ್ಕಳ ಗಲಾಟೆ ಎಲ್ಲಾ ರೂಢಿಯಾಗುತ್ತದೆ. ತೋಳದ ಮರಿ ಎರಡೇ ವಾರಕ್ಕೆ ತೆವಳಿ ಹೊರಡುತ್ತದೆ, ಇನ್ನೂ ಕುರುಡು ಕಿವುಡು ಇರುವಾಗ, ಬರೀ ಮೂಗಿನ ಮೇಲೆ. ಆಮೇಲೆ ಕಣ್ಣು ಕಿವಿ ತೆರೆದಾಗ ಪ್ರತಿಯೊಂದು ಹೊಸ ಸದ್ದೂ ಹೆದರಿಕೆಯೇ. ಅದಕ್ಕೇ ತೋಳ ಸಾಕುವ ಸಂಶೋಧಕರು ಎರಡು ವಾರದೊಳಗೆ ಮರಿಯನ್ನು ತಾಯಿಯಿಂದ ತೆಗೆದು ಹಗಲೂ ರಾತ್ರಿ ಜೊತೆಯಲ್ಲೇ ಮಲಗುತ್ತಾರೆ. 45 ದಿನದ ಮಿಶ್ರತಳಿ ಮರಿಯಲ್ಲಿ ತೋಳದ ಪಾಲು ಜಾಸ್ತಿ ಇದ್ದರೆ ಆ ಹೊತ್ತು ದಾಟಿಯೇ ಬಂದಿರುತ್ತದೆ.

ಮಳೆಗಾಲದ ಬಗ್ಗೆ ಬೇರೆ ಹೇಳಬೇಕಾ? ಹಿಮದ ಊರಿಗೆ ಹೊಂದುವ ಎರಡು ಪದರದ ಕೂದಲು. ಆಷಾಢದಲ್ಲಿ ಒಣಗಲೇ ಇಲ್ಲ. ಬಚ್ಚಲೊಲೆ ಹತ್ತಿರ ಕರೆದರೆ ಬೆಂಕಿಗೆ ಹೆದರುತ್ತಾನೆ. ಚರ್ಮ ಕೊಳೆತು ವಾಸನೆ. ಉಣುಗು ಆರಿಸೋಣ ಎಂದರೆ ಬೆನ್ನ ಮೇಲೆ ಕೈ ಇಡಲು ಬಿಡುವುದಿಲ್ಲ. ಕಾಡಿಗೆ ಹೋಗುವ ಯಾವ ನಾಯಿಯಾದರೂ ಉಣುಗು ತರುತ್ತದೆ. ಆದರೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ, ಉಣುಗಿನಿಂದ ಹರಡುವ ಮಂಗನಕಾಯಿಲೆ ಮೊದಲು ಕಂಡ ಜಿಲ್ಲೆ ನಮ್ಮದು. ಕೈಗೆ ಸಿಗದ ನಾಯಿಯೊಂದು ಕಾಡು ಸುತ್ತಿ ಬಂದು ಜಗಲಿಯಲ್ಲಿ ಮಲಗುವುದು ನಮ್ಮಮ್ಮನಿಗೆ ಒಂದು ದಿನವೂ ಸಮಾಧಾನ ಇರಲಿಲ್ಲ.

ಕಾನೂನು ಹೇಳುತ್ತೇನೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಕಾಡಿನಿಂದ ಮರಿ ಹಿಡಿದರೆ ಅದು ಬೇಟೆ, ಮೂರರಿಂದ ಏಳು ವರ್ಷ ಜೈಲು. ಆದ್ದರಿಂದ ಮಾರುವವನು "ಅಪ್ಪ ನಿಜವಾದ ತೋಳ, ನಮ್ಮ ದೇಶದ್ದೇ" ಅಂದರೆ ಫೋನ್ ಇಟ್ಟುಬಿಡಿ. "ವಿದೇಶದಿಂದ ತರಿಸಿದ್ದು" ಅಂದರೂ ಅಷ್ಟೇ. ವ್ಯಾಪಾರಕ್ಕೆ, ಮರಿ ಹಾಕಿಸುವುದಕ್ಕೆ ನಾಯಿ ಆಮದು ಮಾಡುವುದನ್ನು ಕೇಂದ್ರ ಸರ್ಕಾರ 2016ರಲ್ಲೇ ನಿಲ್ಲಿಸಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಸುತ್ತೋಲೆ ಕಳಿಸಿ ಕೆಲವು ತಳಿಗಳನ್ನು ಮಾರಬಾರದು, ಸಾಕಬಾರದು ಅಂದಿತ್ತು. ಪಿಟ್‌ಬುಲ್, ರಾಟ್‌ವೀಲರ್ ಜೊತೆಗೆ ವುಲ್ಫ್‌ಡಾಗ್ ಹೆಸರೂ ಅದರಲ್ಲಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೀರಿ ಎಂದು ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. "ಕೋರ್ಟೇ ಪರ್ಮಿಷನ್ ಕೊಟ್ಟಿದೆ" ಅಂತ ಮಾರುವವರು ಹೇಳುವುದು ಇದನ್ನೇ ಹಿಡಿದು. ಸುತ್ತೋಲೆ ಬಿತ್ತು, ವನ್ಯಜೀವಿ ಕಾಯ್ದೆ ಬಿದ್ದಿಲ್ಲ.

ಸಾಕಲಾಗದಿದ್ದರೆ ಬಿಟ್ಟುಬಿಡುತ್ತೇನೆ ಅನ್ನುವವರೂ ಇದ್ದಾರೆ. ದಾವಣಗೆರೆ, ಚಿತ್ರದುರ್ಗದ ಬಯಲು ನಮಗೆ ಎಷ್ಟು ದೂರ? ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ತೋಳ ನಾಯಿ ಬೆರೆತಿರುವುದನ್ನು ಬೆಂಗಳೂರಿನ ವಿಜ್ಞಾನಿಗಳೂ ಸೇರಿ ಡಿಎನ್‌ಎಯಿಂದಲೇ ತೋರಿಸಿದ್ದಾರೆ. ಇರುವ ಸ್ವಲ್ಪ ತೋಳಗಳ ರಕ್ತವೂ ಹೀಗೆ ಕಲೆತುಹೋಗುತ್ತದೆ.

ಭೈರ ಯಾರನ್ನೂ ಕಚ್ಚಲಿಲ್ಲ. ವಾಪಸ್ ಹೋದಮೇಲೆ ಒಂದು ಸಂಜೆ ಅಕ್ಕನ ನಾಲ್ಕು ವರ್ಷದ ಮಗಳು ಮೆಟ್ಟಿಲಲ್ಲಿ ಎಡವಿ ಬಿದ್ದು ಚೀರಿದಳು. ಮಲಗಿದ್ದ ಭೈರ ಎದ್ದು ನಿಂತ. ಕಿವಿ ಮುಂದೆ, ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ ಮಗುವನ್ನೇ ನೋಡಿದ. ಕೋಳಿಗೂಡಿನ ಹತ್ತಿರ ನಿಲ್ಲುತ್ತಿದ್ದ ಹಾಗೇ. ಭಾವ ಮಗುವನ್ನು ಎತ್ತಿಕೊಂಡರು. ಏನೂ ಆಗಲಿಲ್ಲ. ಮರುವಾರ ಚಿಕ್ಕಮಗಳೂರಿನ ಕಡೆ ಇಂಥವೇ ಮೂರು ಸಾಕಿರುವ, ಸುತ್ತ ಎತ್ತರದ ಗೋಡೆ ಇರುವ ಪರಿಚಯದವರಿಗೆ ಪುಕ್ಕಟೆ ಕೊಟ್ಟು ಬಂದರು. ಬರುವಾಗ ಕಾರಿನಲ್ಲಿ ಮಾತಾಡಲಿಲ್ಲ.

ಅಡ್ವಾನ್ಸ್ ಕೊಟ್ಟ ಹತ್ತು ಸಾವಿರ ಹೋದರೆ ಹೋಗಲಿ. ಭಾವ ಬೇಲಿಗೇ ಅದರ ಆರರಷ್ಟು ಸುರಿದಿದ್ದರು. ಹಿತ್ತಲಿನ ಎರಡು ಗುಂಟೆಗೆ ಎಂಟು ಅಡಿ ಎತ್ತರದ ಜಾಲರಿ, ತೋಡಿ ಬರಬಾರದು ಎಂದು ಸುತ್ತ ಒಂದೂವರೆ ಅಡಿ ಆಳಕ್ಕೆ ಕಲ್ಲು ಹೂಳಿಸಿದ್ದರು. ಭೈರ ಅದನ್ನೂ ಎರಡು ಸಲ ದಾಟಿದ್ದ. ಈಗ ಅದರೊಳಗೆ ಅಕ್ಕ ಗೆಣಸು, ಕೆಸು, ಬದನೆ ಹಾಕಿದ್ದಾಳೆ. ಹಂದಿ ಮಾತ್ರ ಇದುವರೆಗೆ ಒಳಗೆ ಬಂದಿಲ್ಲ.