ಥೈಮಸ್ ಗಡ್ಡೆಗೆ ರೋಬೋಟ್ ಶಸ್ತ್ರಚಿಕಿತ್ಸೆ: ಅಮ್ಮನನ್ನು ಯಂತ್ರದ ಕೈಗೆ ಒಪ್ಪಿಸಬಹುದೇ?

ನಿಮ್ಮ ತಾಯಿಯವರ ಎದೆಮೂಳೆಯ ಹಿಂದೆ, ಥೈಮಸ್ ಗ್ರಂಥಿಯಲ್ಲಿ ಗಡ್ಡೆಯಿದೆ. ರೋಬೋಟ್ ನೆರವಿನಿಂದ ತೆಗೆಯೋಣ ಎಂದು ವೈದ್ಯರು ಹೇಳಿದ್ದಾರೆ. ಯಂತ್ರವನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯ ಮಗ್ಗುಲಲ್ಲೇ ನಿಂತು ರೋಬೋಟಿನ ತೋಳಿಗೆ ಉಪಕರಣ ಬದಲಿಸುವುದು ನನ್ನ ಕೆಲಸ. ಧೈರ್ಯವಾಗಿರಿ, ಅದು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಅದೇ ಕೊಠಡಿಯ ಕನ್ಸೋಲ್‌ನಲ್ಲಿ, ಅಂದರೆ ನಿಯಂತ್ರಣ ಮೇಜಿನಲ್ಲಿ, ಕುಳಿತ ಸರ್ಜನ್ ಬೆರಳಾಡಿಸಿದರೆ ಮಾತ್ರ ಅಲುಗುತ್ತದೆ. ಡಾ ವಿಂಚಿ ಎಂಬ ರೋಬೋಟ್ ಯಂತ್ರದಲ್ಲಿ ಅವರು ನೋಟಕದಿಂದ ತಲೆ ಎತ್ತಿದ ಕೂಡಲೇ ತೋಳುಗಳು ಇದ್ದಲ್ಲೇ ನಿಂತುಬಿಡುತ್ತವೆ.

ಹಳೆಯ ವಿಧಾನದಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಇಲ್ಲಿ ಪಕ್ಕೆಲುಬುಗಳ ನಡುವೆ ಸುಮಾರು 8 ಮಿಲಿಮೀಟರಿನ ಮೂರ್ನಾಲ್ಕು ರಂಧ್ರಗಳು. ಗಡ್ಡೆ ಹೊರಬರಲು ಒಂದನ್ನು ಹಿಗ್ಗಿಸುತ್ತಾರೆ. ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು. ಆದರೂ ಗಾಯದ ಅಳತೆಗಿಂತ ಮುಖ್ಯವಾದದ್ದು ಗಡ್ಡೆ ಇಡಿಯಾಗಿ ಬರುವುದು. ಥೈಮೋಮದ (ಥೈಮಸ್‌ನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) ಹೊರಕವಚ ಹರಿದರೆ ಅದರ ಜೀವಕೋಶಗಳು ಶ್ವಾಸಕೋಶದ ಪೊರೆಯ ಮೇಲೆ ಉದುರಿ, ವರ್ಷಗಳ ನಂತರವೂ ಅಲ್ಲಿ ಬೇರೂರಬಹುದು. ಅದಕ್ಕೇ ಅನುಭವಿಗಳು ಗಡ್ಡೆಯನ್ನು ಮುಟ್ಟದೆ, ಸುತ್ತಲಿನ ಕೊಬ್ಬನ್ನಷ್ಟೇ ಹಿಡಿದು ಬಿಡಿಸುತ್ತಾ ಬಂದು, ಎದೆಯೊಳಗೇ ಚೀಲಕ್ಕಿಳಿಸಿ ಹೊರಗೆಳೆಯುತ್ತಾರೆ. ಎರಡೂ ಬದಿಯಲ್ಲಿ ವಪೆಯನ್ನು ಆಡಿಸುವ ಫ್ರೆನಿಕ್ ನರ, ಮೇಲೆ ದೊಡ್ಡ ಅಭಿಧಮನಿ, ಹಿಂದೆ ಹೃದಯ. ಆ ಇಕ್ಕಟ್ಟಿನಲ್ಲಿ ಮಣಿಕಟ್ಟಿನ ಹಾಗೆ ಬಾಗುವ ಉಪಕರಣ ನಿಜಕ್ಕೂ ನೆರವಾಗುತ್ತದೆ. ಗಡ್ಡೆ ತುಂಬಾ ದೊಡ್ಡದಿದ್ದರೆ ಅಥವಾ ರಕ್ತನಾಳದೊಳಕ್ಕೆ ಚಾಚಿದ್ದರೆ ಎದೆ ತೆರೆಯುವುದೇ ಲೇಸು. "ನಡುವೆ ಕಷ್ಟವಾದರೆ ತೆರೆಯುತ್ತೇವೆ" ಎಂದು ಮೊದಲೇ ಹೇಳುವ ಸರ್ಜನ್‌ರನ್ನು ನಾನು ಹೆಚ್ಚು ನಂಬುತ್ತೇನೆ. ಥೈಮಸ್ ಶಸ್ತ್ರಚಿಕಿತ್ಸೆಯಲ್ಲಿ ಅವರಿಗಿರುವ ಅನುಭವವನ್ನು ಸಂಕೋಚವಿಲ್ಲದೆ ಕೇಳಿ.

ಇನ್ನೊಂದನ್ನು ದಯವಿಟ್ಟು ಇಂದೇ ಗಮನಿಸಿ. ಸಂಜೆಯಾಗುತ್ತಿದ್ದಂತೆ ತಾಯಿಯವರ ಕಣ್ಣಿನ ರೆಪ್ಪೆ ಜೋತುಬೀಳುತ್ತದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ರೊಟ್ಟಿ ಅಗಿಯುತ್ತಾ ದವಡೆ ಸೋತುಹೋಗುತ್ತದೆಯೇ? ಥೈಮೋಮ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯವೂ ಇರುತ್ತದೆ. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ಆಪರೇಷನ್ ಮುಗಿದ ಮೇಲೆ ರೋಗಿ ಸ್ವಂತವಾಗಿ ಉಸಿರಾಡಲು ಒದ್ದಾಡಬೇಕಾಗಬಹುದು. ಮೊದಲೇ ಗೊತ್ತಿದ್ದರೆ ಮಾತ್ರೆಗಳಿಂದ ಹತೋಟಿಗೆ ತಂದು, ಸ್ನಾಯು ಸಡಿಲಿಸುವ ಔಷಧವನ್ನು ಅಳೆದು ಕೊಡುತ್ತಾರೆ. ಈ ಕಾಯಿಲೆಯನ್ನು ಪತ್ತೆಹಚ್ಚಲು ರಕ್ತದಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಪರೀಕ್ಷೆ ಆಗಿದೆಯೇ ಎಂದು ವರದಿಗಳಲ್ಲಿ ಹುಡುಕಿ. ಆಗಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮುನ್ನವೇ ವೈದ್ಯರ ಬಳಿ ಪ್ರಸ್ತಾಪಿಸಿ.