ಕ್ಯಾಂಟಿಲಿವರ್ ಬ್ರೇಕ್ ಲಿವರ್ ಗಟ್ಟಿಯಾಗಿದೆ, ಆದರೂ ಸೈಕಲ್ ನಿಲ್ಲುತ್ತಿಲ್ಲ. ಎಲ್ಲಿ ತಪ್ಪಿದೆ?

ಹೊಸ ಬ್ರೇಕ್ ರಬ್ಬರ್ ಹಾಕಿದ ಮೇಲೂ ಮುಂದಿನ ಚಕ್ರಕ್ಕೆ ಹಿಡಿತವಿಲ್ಲ, ಜೊತೆಗೆ ಕಿರುಚುತ್ತದೆ ಎಂದಿದ್ದೀರಿ. ತಪ್ಪು ರಬ್ಬರಿನದ್ದಲ್ಲ ಅನಿಸುತ್ತೆ. ಲಿವರ್ ಕಲ್ಲಿನಂತೆ ಗಟ್ಟಿಯಿದ್ದರೆ ಬ್ರೇಕ್ ಚೆನ್ನಾಗಿದೆ ಅಂತ ಬಹಳ ಜನ ನಂಬುತ್ತಾರೆ. ಕ್ಯಾಂಟಿಲಿವರಿನಲ್ಲಿ, ಅಂದರೆ ಚಕ್ರದ ಎರಡೂ ಬದಿಯ ತೋಳುಗಳನ್ನು ಅಡ್ಡ ಕೇಬಲೊಂದು ಎಳೆದು ರಬ್ಬರನ್ನು ರಿಮ್ಮಿಗೆ ಒತ್ತುವ ಬ್ರೇಕಿನಲ್ಲಿ, ಅದು ಹೆಚ್ಚಾಗಿ ಉಲ್ಟಾ.

ಎರಡು ತೋಳುಗಳನ್ನು ಕೂಡಿಸುವ ಅಡ್ಡ ಕೇಬಲನ್ನು ನಡುವೆ ಹಿಡಿದು ಎತ್ತುವ ಕೊಂಡಿ ನೋಡಿ. ಅದು ಮೇಲಿದ್ದಷ್ಟೂ ಕೈಯ ಬಲ ತೋಳನ್ನು ಮೇಲಕ್ಕೆ ಜಗ್ಗುವುದರಲ್ಲೇ ಹೋಗುತ್ತೆ, ಒಳಕ್ಕೆ ಒತ್ತುವುದು ಕಡಿಮೆ. ತೋಳು ನೆಟ್ಟಗೆ ನಿಂತ ಮಾದರಿಯಲ್ಲಂತೂ ಇದು ಎದ್ದು ಕಾಣುತ್ತೆ. ಕೊಂಡಿಯನ್ನು ಕೆಳಗಿಳಿಸಿ, ಅಡ್ಡ ಕೇಬಲನ್ನೂ ಅದಕ್ಕೆ ತಕ್ಕಂತೆ ಗಿಡ್ಡ ಮಾಡಿ, ಇಲ್ಲದಿದ್ದರೆ ತೋಳುಗಳು ಅಗಲವಾಗಿಬಿಡುತ್ತವೆ. ಟೈರಿಗೂ ಕೊಂಡಿಗೂ ನಡುವೆ 2 ಸೆಂ.ಮೀ. ಆದರೂ ಇರಲಿ. ಲಿವರ್ ಈಗ ಸ್ವಲ್ಪ ಮೆತ್ತಗಾಗುತ್ತೆ, ಆಗಲಿ. ಹಾಂ, ಲಿವರ್ ವಿ-ಬ್ರೇಕಿನದ್ದಾಗಿದ್ದರೆ (ಅಡ್ಡ ಕೇಬಲಿಲ್ಲದೆ, ಉದ್ದ ತೋಳುಗಳನ್ನು ಪಕ್ಕದಿಂದ ನೇರ ಎಳೆಯುವ ಬೇರೆ ಬಗೆಯ ಬ್ರೇಕ್ ಅದು) ಮೊದಲು ಲಿವರನ್ನು ಬದಲಿಸಿ. ಆ ಲಿವರ್ ಕೇಬಲನ್ನು ಹೆಚ್ಚು ಎಳೆಯುತ್ತೆ, ಬಲ ಕಡಿಮೆ ಕೊಡುತ್ತೆ.

ಇನ್ನು ರಬ್ಬರ್ ಕೂರಿಸುವುದು. ತಾಳ್ಮೆ ಬೇಕಾದ ಕೆಲಸ ಇದೇ. ಚಕ್ರ ಅಲ್ಲಾಡದೆ ನೇರ ತಿರುಗುತ್ತಿರಬೇಕು. ರಬ್ಬರಿನ ಮೇಲಂಚು ರಿಮ್ಮಿನ ಮೇಲಂಚಿಗಿಂತ 1 ಮಿ.ಮೀ. ಕೆಳಗಿರಲಿ, ಟೈರಿಗೆ ತಾಗಲೇಬಾರದು. ತೀರಾ ಕೆಳಗೂ ಬೇಡ: ಸವೆದಂತೆ ರಬ್ಬರ್ ಇನ್ನೂ ಕೆಳಗಿಳಿದು, ಕೊನೆಗೆ ರಿಮ್ ಬಿಟ್ಟು ಕಡ್ಡಿಗಳ ಕಡೆ ನುಗ್ಗುತ್ತೆ. ಕಿರುಚುವುದು ನಿಲ್ಲಬೇಕಾದರೆ ರಬ್ಬರಿನ ಮುಂತುದಿ ಮೊದಲು ತಾಗಬೇಕು. ಹಿಂತುದಿಗೂ ರಿಮ್ಮಿಗೂ ನಡುವೆ ದಪ್ಪ ಕಾರ್ಡೊಂದನ್ನು ಸಿಕ್ಕಿಸಿ, ರಬ್ಬರನ್ನು ರಿಮ್ಮಿಗೆ ಒತ್ತಿ ಹಿಡಿದು ನಟ್ ಬಿಗಿ ಮಾಡಿ. ಸಾಮಾನ್ಯವಾಗಿ ತೋಳಿನ ಹಿಂದೆ 10 ಮಿ.ಮೀ. ಸ್ಪ್ಯಾನರ್, ಮುಂದೆ 5 ಮಿ.ಮೀ. ಅಲೆನ್ ಕೀ. ಅಲೆನ್ ಕೀ ಅಲ್ಲಾಡದಂತೆ ಹಿಡಿಯದಿದ್ದರೆ, ನಟ್ ತಿರುಗಿದ ಹಾಗೆ ರಬ್ಬರೂ ತಿರುಗಿ, ಪಟ್ಟ ಶ್ರಮವೆಲ್ಲ ಹಾಳು.

ಒಂದೇ ಬದಿ ಉಜ್ಜುತ್ತಿದ್ದರೆ ಆ ತೋಳಿನ ಪುಟ್ಟ ಸ್ಕ್ರೂವನ್ನು ಅರ್ಧರ್ಧ ಸುತ್ತು ಒಳಗೆ ತಿರುಗಿಸಿ, ಸ್ಪ್ರಿಂಗ್ ಬಿಗಿಯಾಗಿ ರಬ್ಬರ್ ದೂರ ಸರಿಯುತ್ತೆ. ಸ್ಕ್ರೂ ಇನ್ನೊಂದು ತೋಳಿನಲ್ಲಿದ್ದರೆ ಸಡಿಲಿಸಿ. ಫೋರ್ಕಿನಲ್ಲಿ ತೋಳು ಕೂರುವ ಕಡೆ ಇರುವ ರಂಧ್ರಗಳಲ್ಲಿ ಎರಡೂ ಸ್ಪ್ರಿಂಗಿನ ಮೊನೆ ಒಂದೇ ಮಟ್ಟದ ರಂಧ್ರದಲ್ಲಿರಬೇಕು, ಮೂರಿದ್ದರೆ ನಡುವಿನದ್ದು.

ಒಂದು ಮಾತು ದಯವಿಟ್ಟು ಮರೆಯಬೇಡಿ. ಮುಂದಿನ ಮುಖ್ಯ ಕೇಬಲ್ ತುಂಡಾದರೆ ಅಡ್ಡ ಕೇಬಲ್ ಟೈರಿನ ಮೇಲೆ ಬಿದ್ದು ಚಕ್ರ ಹಠಾತ್ತನೆ ಸಿಕ್ಕಿಕೊಳ್ಳಬಹುದು. ಮಡ್‌ಗಾರ್ಡ್ ಅಥವಾ ರಿಫ್ಲೆಕ್ಟರಿನ ಪಟ್ಟಿ ಅದನ್ನು ತಡೆಯುತ್ತೆ. ಎರಡೂ ಇಲ್ಲದಿದ್ದರೆ ಒಂದನ್ನು ಹಾಕಿಸಿಕೊಂಡೇ ರಸ್ತೆಗಿಳಿಯಿರಿ.